ಎಂಟನೇ ತಿಂಗಳ ಓಟ್ಸ್ ಪ್ಯಾನ್‌ಕೇಕು

ಜುಲೈ 10, 2006, ಸೋಮವಾರ

ಹೆದರಿಕೆಯನ್ನು ಯಾರಿಗೆ ಹೇಳಿದರೂ ಅದು ಎರಡರಷ್ಟಾಗಿ ನನ್ನ ಹತ್ತಿರವೇ ವಾಪಸ್ಸು ಬರುತ್ತದೆ. ಅವ್ವನಿಗೆ ಫೋನಿನಲ್ಲಿ ಹೇಳಿದರೆ ಅವ್ವ ಅಳುತ್ತಾಳೆ, ಆಮೇಲೆ ಅವಳನ್ನು ಸಮಾಧಾನ ಮಾಡುವ ಕೆಲಸವೂ ನನಗೇ. ಇವರಿಗೆ ಹೇಳಿದರೆ “ಏನೂ ಆಗೂದಿಲ್ಲ ಬಿಡು” ಎನ್ನುತ್ತಾರೆ, ಹಾಗೆಂದವರು ಅರ್ಧ ಊಟಕ್ಕೇ ಎದ್ದು ಕೈ ತೊಳೆಯುತ್ತಾರೆ. ಇವರು ಎಂದರೆ ನಿಂಗರಾಜ. ಬಾಯಲ್ಲಿ ಹೇಳಬಾರದ ಹೆಸರು, ಬರೆದರೆ ತಪ್ಪಿಲ್ಲ. ಹಾಗಾಗಿ ಜನವರಿಯಲ್ಲಿ ನಾನು ಕೆಲಸ ಮಾಡುವ ಕೊರಿಯರ್ ಆಫೀಸಿನವರು ಕೊಟ್ಟಿದ್ದ ಡೈರಿಯನ್ನು ಇವತ್ತು ತೆಗೆದಿದ್ದೇನೆ. ಇದು ಸುಮ್ಮನೆ ಕೇಳಿಸಿಕೊಳ್ಳುತ್ತದೆ.

ಜಯನಗರದ ನರ್ಸಿಂಗ್ ಹೋಮಿನಲ್ಲಿ ರಕ್ತದ ರಿಪೋರ್ಟ್ ಬಂತು. ಡಾಕ್ಟರಮ್ಮ ಹೇಳಿದರು: “ಷುಗರ್ ಬಂದಿದೆ ರಾಜಶ್ರೀ. ಬಸುರಿಯಾದಾಗ ಕೆಲವರಿಗೆ ಬರುತ್ತೆ, ಹೆರಿಗೆ ಆದ್ಮೇಲೆ ಹೋಗುತ್ತೆ. ಆದ್ರೆ ಅಲ್ಲೀವರೆಗೂ ಕಂಟ್ರೋಲ್ ತಪ್ಪಿದ್ರೆ ಮಗೂಗೆ ಅಪಾಯ.”

“ಮೊದಲನೇದಕ್ಕೂ ಇದೇ ಆಗಿತ್ತಾ ಮೇಡಂ?”

“ಆಗ ಯಾರೂ ಟೆಸ್ಟೇ ಮಾಡ್ಸಿಲ್ವಲ್ಲಮ್ಮ. ಈಗ ಹೇಗೆ ಹೇಳೋದು?”

ಎರಡು ವರ್ಷದ ಹಿಂದೆ ಮುಧೋಳದಲ್ಲಿ, ಎಂಟನೇ ತಿಂಗಳಲ್ಲಿ, ಹೊಟ್ಟೆಯೊಳಗಿನ ಅಲುಗಾಟ ನಿಂತುಹೋಯಿತು. ನನಗೆ ಎಚ್ಚರವಾಗುವಷ್ಟರಲ್ಲಿ ಹಿರಿಯರು ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದರು. ಸತ್ತ ಕೂಸನ್ನು ತಾಯಿಗೆ ತೋರಿಸಬಾರದಂತೆ. ಗಂಡೋ ಹೆಣ್ಣೋ ಎಂದು ಕೂಡ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಅದಕ್ಕೊಂದು ಮುಖ ಬರುತ್ತದೆ ಎಂದು ಹೆದರಿದೆ. ಇವತ್ತಿಗೂ ಹೆದರುತ್ತೇನೆ.

ಊಟದ ಪಥ್ಯ ಹೇಳುವ ಹುಡುಗಿ ಇಂಚರ. ಹೊರಗೆ ಕ್ಯೂ ಇತ್ತು, ಬೇಗ ಬೇಗ ಹೇಳಿದಳು: “ಸಕ್ಕರೆ ಟೋಟಲ್ ಆಗಿ ಬಿಟ್ಬಿಡಿ ಮೇಡಂ. ಸ್ವೀಟ್ಸ್, ಜ್ಯೂಸ್, ಬೇಕರಿ ಐಟಂ ಎಲ್ಲಾ ಕಟ್. ಬೆಳಗ್ಗೆ ಓಟ್ಸ್ ತಿನ್ನಿ, ತುಂಬಾ ಒಳ್ಳೇದು.”

ಮನೆಗೆ ಬಂದವಳೇ ಸಕ್ಕರೆ ಡಬ್ಬಿಯನ್ನು ಕೆಳಗಿನ ಮನೆಯ ಓನರ್ ಸರಸ್ವತಿ ಆಂಟಿಗೆ ಕೊಟ್ಟುಬಿಟ್ಟೆ. ಆ ಡಬ್ಬಿ ಮನೆಯಲ್ಲಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಜುಲೈ 13, ಗುರುವಾರ

ಓಟ್ಸ್ ಗಂಜಿ ಮಾಡಿದೆ. ಗೋಡೆಗೆ ಪೋಸ್ಟರ್ ಹಚ್ಚುವ ಗೋಂದು ಹೀಗೇ ಇರುತ್ತದೆ. ಎರಡು ಚಮಚ ಒಳಗೆ ಹೋಯಿತು, ಮೂರನೆಯದಕ್ಕೆ ಎಲ್ಲವೂ ಹೊರಗೆ ಬಂತು. ವಾಂತಿ ಮಾಡುವಾಗಲೂ ಭಯ. ಹೊಟ್ಟೆಗೆ ಜಗ್ಗಿದರೆ ಅದಕ್ಕೇನಾಗುತ್ತದೋ!

ಜುಲೈ 16, ಭಾನುವಾರ

ಓಟ್ಸ್ ಪ್ಯಾಕೆಟ್ಟಿನ ಹಿಂದೆ ಪ್ಯಾನ್‌ಕೇಕ್ ಎಂದು ಚಿತ್ರ ಹಾಕಿ ಮಾಡುವ ವಿಧಾನ ಕೊಟ್ಟಿದ್ದಾರೆ. ಓದಿದರೆ ಅದರಲ್ಲಿ ಮೊಟ್ಟೆ, ಮೈದಾ, ಸಕ್ಕರೆ. ಮೊಟ್ಟೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ಮೈದಾ ಬೇಕರಿ ವಸ್ತು, ಸಕ್ಕರೆ ಕೆಳಗಿನ ಮನೆಯಲ್ಲಿದೆ. ಉಳಿದದ್ದು ಓಟ್ಸ್ ಒಂದೇ. ಆದರೂ ಹಟ ಹಿಡಿದೆ. ಓಟ್ಸನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಮೊಟ್ಟೆಯ ಬದಲು ಕಳಿತ ಬಾಳೆಹಣ್ಣು ಕಿವುಚಿ ಹಾಕಿ, ಮೊಸರಿನಲ್ಲಿ ಕಲಸಿ, ಚಿಟಿಕೆ ಅಡುಗೆ ಸೋಡಾ ಉದುರಿಸಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟೆ. ಸಿಹಿಗೆ ಊರಿನ ಬೆಲ್ಲ ಹೆರೆದು ಒಂದು ಮುಷ್ಟಿ. ಬೆಲ್ಲವೆಂದರೆ ನಮ್ಮ ಕಡೆ ಅರ್ಧ ಔಷಧಿ. ಬಿಸಿಲಿನಿಂದ ಬಂದವರಿಗೆ ಬೆಲ್ಲ ನೀರು, ರಕ್ತ ಕಡಿಮೆ ಇದ್ದರೆ ಬೆಲ್ಲ, ಬಾಣಂತಿಗೆ ಬೆಲ್ಲ.

ಮೊದಲನೆಯದು ಹೆಂಚು ಬಿಡಲಿಲ್ಲ. ದೋಸೆಯ ಹಾಗೆ ತೆಳ್ಳಗೆ ಎಳೆಯಬಾರದು, ಅಂಗೈಯಗಲ ದಪ್ಪಗೆ ಹುಯ್ದು, ಉರಿ ಸಣ್ಣ ಮಾಡಿ, ಮುಚ್ಚಿಡಬೇಕು. ಮೇಲೆ ತೂತು ಬಿದ್ದ ಮೇಲೆ ಮಗುಚಬೇಕು. ಎರಡನೆಯದು ಕೆಂಪಗೆ, ಮೆತ್ತಗೆ ಬಂತು. ಪರಿಮಳಕ್ಕೆ ಇವರು ಸ್ನಾನ ಅರ್ಧಕ್ಕೆ ಬಿಟ್ಟು ಬಂದರು.

“ಸಖತ್ ಆಗೇತಲ್ಲ! ಇದು ಪಥ್ಯ ಏನು?”

“ಹೂಂರಿ. ಸಕ್ಕರಿ ಒಂದ್ ಕಾಳೂ ಇಲ್ಲ.”

ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ತಿಂದೆ. ಒಂದು ಗಳಿಗೆ ಹೆದರಿಕೆ ಮರೆತೇಹೋಗಿತ್ತು. ಮರೆತೆನಲ್ಲ ಎಂದು ಆಮೇಲೆ ಹೆದರಿಕೆಯಾಯಿತು.

ಜುಲೈ 30, ಭಾನುವಾರ, ನಾಗರಪಂಚಮಿ

ಇವರ ತಾಯಿ ಶಿವವ್ವನವರು ಊರಿಂದ ಫೋನ್ ಮಾಡಿದ್ದರು. “ರಾಜೀ, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟೀನಿ. ಬಸ್ಸಿನಾಗ ಕಳಸ್ಲೇನು?”

“ಬ್ಯಾಡ್ರಿ. ಡಾಕ್ಟರ್ ಸಿಹಿ ಬ್ಯಾಡ ಅಂದಾರ.”

“ಪಂಚಮಿಗೆ ಉಂಡಿ ತಿನ್ನದ ಬಸುರಿ ಎಲ್ಲ್ಯಾರ ಇರ್ತಾಳೇನ? ಹೋಗ್ಲಿ, ಬೆಲ್ಲರ ಕಳಸ್ತೀನಿ. ಅದೇನ್ ಸಕ್ಕರಿ ಅಲ್ಲಲ್ಲ.”

ಬೆಲ್ಲಕ್ಕೆ ಹೂಂ ಎಂದೆ, ಮುಗಿಯುತ್ತ ಬಂದಿತ್ತು. ಫೋನ್ ಇಟ್ಟ ಮೇಲೆ ಮೈಯೆಲ್ಲ ಸಿಟ್ಟು. ಹೋದ ಸಲ ಇದೇ ಶಿವವ್ವ ಬೇಡವೆಂದರೂ ಬಿಡದೆ ದಿನಾ ಅಂಟಿನುಂಡಿ, ಹೋಳಿಗೆ, ಗೋಧಿ ಹುಗ್ಗಿ ಬಾಯಿಗೆ ತುರುಕಿದವರು. ಆಮೇಲೆ ಏನಾಯಿತು? ಹೇಳುವವರಿಲ್ಲ, ಕೇಳುವವರಿಲ್ಲ.

ಆಗಸ್ಟ್ 8, ಮಂಗಳವಾರ

ಸಕ್ಕರೆ ಇಳಿದಿಲ್ಲ. ಏರಿದೆ.

ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, “ಏನಾದ್ರೂ ಕದ್ದು ತಿಂತಿದ್ದೀಯೇನಮ್ಮ?” ಎಂದರು. ಕಣ್ಣಲ್ಲಿ ನೀರು ಬಂತು. ಆಫೀಸಿನಲ್ಲಿ ಹುಟ್ಟುಹಬ್ಬದ ಕೇಕ್ ಬಂದಾಗ ಬಾತ್‌ರೂಮಿಗೆ ಹೋಗಿ ನಿಂತವಳು ನಾನು. ಚಹಾ ಕೂಡ ಸಪ್ಪೆ ಕುಡಿಯುತ್ತೇನೆ. ಇನ್ನೂ ಏನು ಬಿಡಲಿ? ಅನ್ನ ಬಿಡುತ್ತೇನೆ, ಚಪಾತಿ ಬಿಡುತ್ತೇನೆ. ನಾಳೆಯಿಂದ ಎರಡು ಹೊತ್ತೂ ಓಟ್ಸ್ ಪ್ಯಾನ್‌ಕೇಕ್ ಮಾತ್ರ.

ಆಗಸ್ಟ್ 13, ಭಾನುವಾರ

ತಲೆ ಸುತ್ತುತ್ತದೆ. ಅನ್ನದ ವಾಸನೆಗೆ ಬಾಯಲ್ಲಿ ನೀರು ಬರುತ್ತದೆ. “ಉಪವಾಸ ಬಿದ್ದು ಸಾಯ್ತೀಯೇನ?” ಎಂದು ಇವರು ಒದರಿದರು. ಸಾಯುವ ಮಾತು ಈ ಮನೆಯಲ್ಲಿ ಆಡಬಾರದೆಂದು ಗೊತ್ತಿಲ್ಲವೆ? ಮೂರು ಪ್ಯಾನ್‌ಕೇಕ್ ತಿಂದು ಮಲಗಿದೆ. ಅದು ಒಳಗೆ ಹೊರಳುತ್ತಿದೆ. ಹೊರಳಿದರೂ ಭಯ, ಸುಮ್ಮನಿದ್ದರೂ ಭಯ.

ಆಗಸ್ಟ್ 22, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಸಕ್ಕರೆ ಮತ್ತೂ ಮೇಲೇರಿದೆ. ಸ್ಕ್ಯಾನಿಂಗಿನಲ್ಲಿ ಅದು ತಿಂಗಳಿಗೆ ಮೀರಿ ದಪ್ಪವಾಗಿದೆಯಂತೆ. ದಪ್ಪವಾಗಿದ್ದರೆ ಒಳ್ಳೆಯದೇ ಎಂದುಕೊಂಡಿದ್ದೆ, ಅಲ್ಲವಂತೆ. ಇನ್ಸುಲಿನ್ ಶುರುಮಾಡಲೇಬೇಕು ಎಂದು ಚೀಟಿ ಬರೆದು, ಮತ್ತೆ ಇಂಚರಳ ಹತ್ತಿರ ಕಳಿಸಿದರು.

“ಬೆಳಗ್ಗೆ ಏನ್ ತಿಂತೀರಾ ಮೇಡಂ?”

“ಓಟ್ಸ್ ಪ್ಯಾನ್‌ಕೇಕ್. ಮನೇಲೇ ಮಾಡ್ತೀನಿ. ರಾತ್ರೀನೂ ಅದೇ.”

“ವೆರಿ ಗುಡ್. ಏನೇನ್ ಹಾಕ್ತೀರಾ?”

“ಓಟ್ಸ್ ಪುಡಿ, ಮೊಸರು, ಬಾಳೆಹಣ್ಣು, ಸೋಡಾ. ಸಕ್ಕರೆ ಮುಟ್ಟಿಲ್ಲ ಮೇಡಂ, ದೇವರಾಣೆ. ಬರೀ ಬೆಲ್ಲ.”

ಅವಳು ತಲೆ ಎತ್ತಿದಳು. “ಬೆಲ್ಲಾನಾ? ಎಷ್ಟು?”

ಮುಷ್ಟಿ ಹಿಡಿದು ತೋರಿಸಿದೆ.

ಪೆನ್ನು ಕೆಳಗಿಟ್ಟಳು. “ಅಯ್ಯೋ ಮೇಡಂ. ಬೆಲ್ಲಾನೂ ಸಕ್ಕರೇನೇ ಅಲ್ವಾ? ಎರಡೂ ಬರೋದು ಕಬ್ಬಿಂದಾನೇ. ನಾನೇ ಬಿಡಿಸಿ ಹೇಳ್ಬೇಕಿತ್ತು. ಎಲ್ರಿಗೂ ಗೊತ್ತಿರುತ್ತೆ ಅಂದ್ಕೊಂಡೆ.”

ಬೆಲ್ಲ ಎಲ್ಲಿಂದ ಬರುತ್ತದೆಂದು ಕಬ್ಬಿನ ಹೊಲದಲ್ಲಿ ಬೆಳೆದವಳಿಗೆ ಹೇಳಿದಳು! ನಮ್ಮ ಗಾಣದಲ್ಲಿ ಬೆಲ್ಲ ಕುದಿಯುವುದನ್ನು ಕಟ್ಟೆಯ ಮೇಲೆ ಕೂತು ನೋಡಿದ್ದೇನೆ. ಅದೇ ಕಬ್ಬಿನ ಹಾಲು ಫ್ಯಾಕ್ಟರಿಗೆ ಹೋಗಿ ಸಕ್ಕರೆಯಾಗುವುದೂ ಗೊತ್ತು. ಗೊತ್ತಿದ್ದೂ ತಲೆಗೆ ಹೊಳೆಯಲಿಲ್ಲ. ಯಾರೋ ಬಿಳಿ ವಸ್ತುವಿಗೆ ಹೆದರಿಸಿದರು, ನಾನು ಕೆಂಪು ವಸ್ತುವನ್ನು ಎರಡು ಹೊತ್ತು ತಿಂದೆ.

ಆಗಸ್ಟ್ 23, ಬುಧವಾರ

ಬೇರೆ ಯಾರೂ ಅಲ್ಲ, ನಾನೇ ಉಣಿಸಿದೆ.

ಆಗಸ್ಟ್ 27, ಭಾನುವಾರ, ಗಣೇಶ ಚೌತಿ

ಇವರ ತಾಯಿ ಬಂದರು. ಇನ್ನು ಹೆರಿಗೆಯವರೆಗೂ ಇಲ್ಲೇ. ಚೀಲದಲ್ಲಿ ಅಂಟು, ಒಣಕೊಬ್ಬರಿ, ಎರಡು ದೊಡ್ಡ ಬೆಲ್ಲದ ಪೆಂಟೆ. ಬಾಗಿಲಲ್ಲೇ ಇವರು ಒದರಿಬಿಟ್ಟರು: “ಯವ್ವಾ, ಆ ಬೆಲ್ಲ ಒಳಗ ತರಬ್ಯಾಡ. ಅದರಿಂದನ ಇಕಿಗೆ ಸಕ್ಕರಿ ಏರೇತಿ. ಕೂಸಿಗೆ ಅದು ವಿಷ.”

ಅವರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಆಮೇಲೆ ಪೆಂಟೆಗಳನ್ನು ಹೊತ್ತು ಮೆಟ್ಟಿಲಿಳಿದು ಹೋಗಿ ಸರಸ್ವತಿ ಆಂಟಿಗೆ ಕೊಟ್ಟು ಬಂದರು. ಆಂಟಿಯ ಮನೆಯಲ್ಲಿ ಈಗ ನಮ್ಮ ಸಕ್ಕರೆ, ನಮ್ಮ ಬೆಲ್ಲ ಎರಡೂ ಇವೆ. ನಮ್ಮಲ್ಲಿ ಫ್ರಿಜ್ ಇಲ್ಲದ್ದರಿಂದ ನನ್ನ ಇನ್ಸುಲಿನ್ ಬಾಟಲಿಯೂ ಅವರ ಫ್ರಿಜ್ಜಿನಲ್ಲೇ, ಮಾವಿನ ಉಪ್ಪಿನಕಾಯಿ ಪಕ್ಕದಲ್ಲಿ. ದಿನಾ ಸೂಜಿ ಹಿಡಿದು ಕೆಳಗೆ ಹೋಗುತ್ತೇನೆ. ಇವರು ಸೂಜಿ ಕಂಡರೆ ಮುಖ ತಿರುಗಿಸುತ್ತಾರೆ, ನಾನೇ ಚುಚ್ಚಿಕೊಳ್ಳುತ್ತೇನೆ. “ಗಟ್ಟಿಗಿತ್ತಿ ಕಣೇ ನೀನು” ಎಂದರು ಆಂಟಿ. ಹೆದರಿದವರು ಏನು ಬೇಕಾದರೂ ಮಾಡುತ್ತಾರೆಂದು ಅವರಿಗೆ ಗೊತ್ತಿಲ್ಲ.

ಆಗಸ್ಟ್ 31, ಗುರುವಾರ

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಇವರ ತಾಯಿ ನನ್ನನ್ನು ಸರಿಸಿ ತಾವು ನಿಂತರು. “ಇಂಚರವ್ವ ಏನೇನ್ ಹಾಕು ಅಂದಾಳ, ಅಷ್ಟ ಹೇಳು.” ಹೇಳಿದೆ. ಹೆಸರುಬೇಳೆಯನ್ನು ನಾನು ರಾತ್ರಿಯೇ ನೆನೆಹಾಕಿದ್ದೆ. ಅದನ್ನು ರುಬ್ಬಿ, ಓಟ್ಸ್ ಪುಡಿ, ಹುಳಿ ಮೊಸರು ಕೂಡಿಸಿ, ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಜೀರಿಗೆ ತಿಕ್ಕಿ ಹಾಕಿದರು. ಬಾಳೆಹಣ್ಣು ಇಲ್ಲ, ಬೆಲ್ಲ ಇಲ್ಲ. ಅಂಗೈಯಲ್ಲಿ ಎಣ್ಣೆ ಸವರಿಕೊಂಡು ಹೆಂಚಿನ ಮೇಲೇ ತಟ್ಟಿ ಮುಚ್ಚಿದರು.

“ಇದಕ್ಕ ಏನಂತೀರಿ?” ಎಂದು ನನ್ನನ್ನು ಕೇಳಿದರು.

“ಪ್ಯಾನ್‌ಕೇಕ್.”

“ಕೇಕೂ ಅಲ್ಲ ಗೀಕೂ ಅಲ್ಲ. ದಪ್ಪನ್ನ ದ್ವಾಸಿ ಅನ್ನು.”

ಮೊದಲ ತುತ್ತು ತಾವು ತಿಂದು, ಸಿಹಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ನನಗೆ ಕೊಟ್ಟರು. ರುಚಿಯಾಗಿತ್ತು, ಸುಳ್ಳು ಯಾಕೆ ಬರೆಯಲಿ. ತಮ್ಮ ಚಹಾಕ್ಕೂ ಬೆಲ್ಲ ಹಾಕಿಕೊಳ್ಳದೆ ಸಪ್ಪೆ ಕುಡಿದರು. ಅರವತ್ತು ವರ್ಷ ಬೆಲ್ಲದ ಚಹಾ ಕುಡಿದ ಬಾಯಿ.

ನಾನು ತಿನ್ನುತ್ತಿರುವಾಗ ಹೆಂಚಿನ ಕಡೆಗೇ ಮುಖ ಮಾಡಿ ಕೇಳಿದರು: “ರಾಜೀ, ಆವಾಗೂ ನಾನ ತಿನ್ನಿಸಿದ್ನಲ್ಲ? ನನ್ನ ಕೈಯಿಂದನ ಆತೇನ?”

ಯಾರಿಗೂ ಗೊತ್ತಿಲ್ಲವೆಂದು ಡಾಕ್ಟರಮ್ಮ ಹೇಳಿದ್ದು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ಎರಡು ವರ್ಷ ನಾನೊಬ್ಬಳೇ ಸುಟ್ಟುಕೊಂಡಿದ್ದೇನೆ, ಸ್ವಲ್ಪ ಅವರೂ ಸುಟ್ಟುಕೊಳ್ಳಲಿ ಎನಿಸಿತು. ತಟ್ಟೆ ತೊಳೆದಿಟ್ಟು ಆಫೀಸಿಗೆ ಹೋದೆ.

ಸೆಪ್ಟೆಂಬರ್ 5, ಮಂಗಳವಾರ

ಎಂಟನೇ ತಿಂಗಳು ಹೊಕ್ಕಿತು. ಸಕ್ಕರೆ ಇಳಿದಿದೆ! ಡಾಕ್ಟರಮ್ಮ ನಕ್ಕರು. ನಾನೂ ನಗಬೇಕಿತ್ತು, ಆಗಲಿಲ್ಲ. ಹೋದ ಸಲವೂ ಎಂಟನೇ ತಿಂಗಳ ಮೊದಲ ವಾರ ಎಲ್ಲ ಸರಿಯಿತ್ತು. ನಾಲ್ಕನೇ ಬ್ಲಾಕಿನಲ್ಲಿ ಕುಲಾವಿ, ಕಾಲುಚೀಲ ತೂಗುಹಾಕಿದ ಅಂಗಡಿಯ ಮುಂದೆ ಬರುವಾಗ ರಸ್ತೆಯ ಆಚೆಗೆ ದಾಟಿಬಿಟ್ಟೆ.

ಸೆಪ್ಟೆಂಬರ್ 10, ಭಾನುವಾರ

ಕುಬಸ, ಅಂದರೆ ಇಲ್ಲಿಯವರ ಸೀಮಂತ, ಬೇಡವೆಂದು ಹಟ ಮಾಡಿದೆ. ಹೋದ ಸಲ ಊರು ಕರೆದು ಮಾಡಿದ್ದರು, ಹಸಿರು ಸೀರೆ ಇನ್ನೂ ಟ್ರಂಕಿನಲ್ಲಿದೆ. ಅತ್ತೆ ಒಪ್ಪಲಿಲ್ಲ. “ಊರ್ ಕರೆಯೂದಿಲ್ಲ. ಕೂಸಿಗೆ ನೀ ಬರ್ತಿ ಅನ್ನೂದು ನಮಗ ಗೊತ್ತೈತಿ ಅಂತ ಹೇಳಬೇಕಲ್ಲ, ಅಷ್ಟ.”

ಸರಸ್ವತಿ ಆಂಟಿ ಮತ್ತು ಪಕ್ಕದ ಸಾಲಿನ ವಿಜಾಪುರದ ದಾನಮ್ಮ, ಇಬ್ಬರೇ ಬಂದದ್ದು. ಉಡಿ ತುಂಬಿ, ಹಸಿರು ಬಳೆ ಇಟ್ಟು, ಬಸುರಿಯ ಬಾಯಿಗೆ ಐದು ಸಿಹಿ ಇಡುವ ಹೊತ್ತು ಬಂತು. ತಟ್ಟೆಯಲ್ಲಿ ಇದ್ದದ್ದು ಮೆಂತ್ಯ ಸೊಪ್ಪಿನ ಐದು ಓಟ್ಸ್ ಪ್ಯಾನ್‌ಕೇಕ್! ದಾನಮ್ಮ ಸೆರಗಿನ ಮರೆಯಲ್ಲಿ ನಕ್ಕಳು. ಆಂಟಿ ಮಾತ್ರ ಸುಮ್ಮನಿರಲಿಲ್ಲ. “ಶಾಸ್ತ್ರಕ್ಕೆ ಒಂದೇ ಒಂದು ಚೂರು ಒಬ್ಬಟ್ಟು ಕಣ್ರೀ, ಏನೂ ಆಗಲ್ಲ” ಎಂದು ಡಬ್ಬಿ ತೆರೆದರು.

ಅತ್ತೆ ಆಂಟಿಯ ಕೈಯನ್ನೇ ಹಿಡಿದುಬಿಟ್ಟರು. “ಬ್ಯಾಡ್ರಿಯವ್ವಾ. ಒಂದ ಚೂರು ಒಂದ ಚೂರು ಅಂತನ ನಾ ಆವಾಗ ತಿನ್ನಿಸಿದ್ನಿ. ನಿಮ್ಮ ಕಾಲ್ ಬೀಳ್ತೀನಿ.”

ಅವರು ಮನೆಯ ಓನರ್ ಎಂಬುದನ್ನೂ ನೋಡಲಿಲ್ಲ. ಆಂಟಿ ಡಬ್ಬಿ ಮುಚ್ಚಿ, ಪ್ಯಾನ್‌ಕೇಕ್ ಚೂರು ಮುರಿದು ನನ್ನ ಬಾಯಿಗಿಟ್ಟರು. ಅತ್ತೆಗೆ ಡಾಕ್ಟರಮ್ಮನ ಆ ಮಾತು ಹೇಳಬೇಕಿತ್ತು. ಜನರಿದ್ದರು ಎಂದು ಸುಮ್ಮನಾದೆ. ಜನ ಹೋದ ಮೇಲೂ ಸುಮ್ಮನಾದೆ.

ಸೆಪ್ಟೆಂಬರ್ 19, ಮಂಗಳವಾರ

ಇವತ್ತಿನ ದಿನ ಶತ್ರುವಿಗೂ ಬೇಡ.

ಬೆಳಿಗ್ಗೆ ಎದ್ದಾಗ ಕೂಸು ಅಲುಗಲಿಲ್ಲ. ಎಡಕ್ಕೆ ಮಲಗಿದೆ, ಬಲಕ್ಕೆ ಮಲಗಿದೆ, ತಣ್ಣೀರು ಕುಡಿದೆ, ಹೊಟ್ಟೆ ತಟ್ಟಿದೆ. ಇಲ್ಲ. ರೂಢಿಯಂತೆ ಇಂಜೆಕ್ಷನ್ ಚುಚ್ಚಿಕೊಂಡಿದ್ದೆ, ತಿಂಡಿ ಯಾರಿಗೆ ಬೇಕು? ಇವರು ತಮ್ಮ ಯುಪಿಎಸ್ ರಿಪೇರಿ ಕೆಲಸಕ್ಕೆಂದು ಆಗಲೇ ಹೊರಟುಹೋಗಿದ್ದರು. ಅತ್ತೆ ಹೆಂಚು ಒಲೆಯ ಮೇಲೇ ಬಿಟ್ಟು, ಗ್ಯಾಸ್ ಆರಿಸಿ, ನನ್ನನ್ನು ಆಟೋಗೆ ಹತ್ತಿಸಿದರು. ಈಸ್ಟ್ ಎಂಡ್ ಹತ್ತಿರ ಟ್ರಾಫಿಕ್ ನಿಂತುಬಿಟ್ಟಿತು. ನನಗೆ ಬೆವರು, ಕೈಕಾಲು ನಡುಕ, ಕಣ್ಣ ಮುಂದೆ ಕತ್ತಲು. ಮುಧೋಳದ್ದೇ ಮತ್ತೆ ಆಗುತ್ತಿದೆ ಎಂದು ಖಾತ್ರಿಯಾಯಿತು.

ಅತ್ತೆ ನನ್ನ ಕೈ ಹಿಡಿದುಕೊಂಡು ಒಂದೇ ಸಮನೆ ಗೊಣಗುತ್ತಿದ್ದರು. ದೇವರ ಹೆಸರು ಇರಬೇಕೆಂದುಕೊಂಡೆ. ಕಿವಿಗೊಟ್ಟರೆ “ನನ್ನ ಒಯ್ಯೋ ತಂದೆ, ನನ್ನ ಒಯ್ಯಿ” ಎನ್ನುತ್ತಿದ್ದರು.

ಆಗ ಹೇಳಿದೆ. “ಅತ್ತೀ, ಆವಾಗಿಂದು ಯಾಕಾತು ಅಂತ ಯಾರಿಗೂ ಗೊತ್ತಿಲ್ಲಂತ. ಡಾಕ್ಟರ್ ಮೊದಲ ಹೇಳಿದ್ರು. ನಿಮ್ಮಿಂದ ಅಂತ ಹೇಳಾಕ ಬರೂದಿಲ್ರಿ. ನಾ ಬೇಕಂತನ ಹೇಳಿರಲಿಲ್ಲ.”

ಅವರು ಬೈಯಲಿಲ್ಲ. ಕೈ ಇನ್ನಷ್ಟು ಬಿಗಿಯಾಗಿ ಹಿಡಿದರು, ಅಷ್ಟೇ.

ನರ್ಸಿಂಗ್ ಹೋಮಿನಲ್ಲಿ ಹೊಟ್ಟೆಗೆ ಯಂತ್ರ ಇಟ್ಟ ಕೂಡಲೇ ಹೊಲಿಗೆ ಮಷಿನ್ ಓಡಿದ ಹಾಗೆ ಸದ್ದು ಬಂತು. ಬದುಕಿದೆ! ನರ್ಸ್ ನನ್ನ ಬೆರಳಿಗೆ ಚುಚ್ಚಿ ನೋಡಿ ಗದರಿದರು: “ಇನ್ಸುಲಿನ್ ತಗೊಂಡು ತಿಂಡಿ ತಿನ್ದೇ ಇದ್ರೆ ಹೆಂಗಮ್ಮಾ? ನಿನ್ ಷುಗರ್ರೇ ಪಾತಾಳಕ್ಕೆ ಹೋಗಿದೆ.” ಲೋಟದಲ್ಲಿ ಗ್ಲೂಕೋಸ್ ಕಲಸಿ ಕೊಟ್ಟರು. ಸಕ್ಕರೆ ಎಂದು ತಿಳಿದ ಅತ್ತೆ ಆ ಲೋಟವನ್ನು ಕಸಿಯಲು ಹೋದರು, ನರ್ಸಿಗೂ ಅವರಿಗೂ ಜಗಳವೇ ಆಯಿತು. ಕುಡಿದು ಸ್ವಲ್ಪ ಹೊತ್ತಿಗೆ ಕೂಸು ಪಕ್ಕೆಗೆ ಒದೆಯಿತು. ಅತ್ತೆಯ ಕೈ ಎಳೆದು ಅಲ್ಲಿ ಇಟ್ಟೆ. ಇಬ್ಬರೂ ಬೆಂಚಿನ ಮೇಲೆ ಕೂತು ಅತ್ತೆವು.

ಅಕ್ಟೋಬರ್ 2, ಸೋಮವಾರ, ವಿಜಯದಶಮಿ

ಬನ್ನಿ ಕೊಟ್ಟು “ಬಂಗಾರದ್ಹಂಗ ಇರೂಣು” ಎಂದರು ಇವರು. ನಾನು ಒಂದು ಎಲೆ ಹೊಟ್ಟೆಯ ಮೇಲಿಟ್ಟೆ. ಕೂಸೇ, ನಿನಗೂ. ಹೆದರಬೇಡ, ನಾನು ಇಬ್ಬರ ಪಾಲಿನದನ್ನೂ ಹೆದರುತ್ತಿದ್ದೇನೆ. ಡಾಕ್ಟರಮ್ಮ ಹದಿನೇಳನೇ ತಾರೀಖು ಆಪರೇಷನ್ ಎಂದಿದ್ದಾರೆ. ಅಲ್ಲಿಯವರೆಗೆ ಒದೆಯುತ್ತಿರು.

ಅಕ್ಟೋಬರ್ 15, ಭಾನುವಾರ

ನಾಳೆ ಅಡ್ಮಿಟ್. ಅತ್ತೆಗೆ ಹೇಳದೆ ಅಂಗಡಿಗೆ ಹೋಗಿ ಒಂದು ಹಳದಿ ಕುಲಾವಿ ತಂದೆ. ಚೀಲದ ತಳದಲ್ಲಿ ಇಡಲು ಹೋದರೆ ಅಲ್ಲಿ ಆಗಲೇ ಒಂದು ಇತ್ತು, ಕೈಯಲ್ಲಿ ಹೊಲಿದದ್ದು, ಹಳೆಯ ಧೋತರದ ಬಟ್ಟೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಲ್ಲ. ತುಂಬ ಭಯವಾಗುತ್ತಿದೆ.

ಅಕ್ಟೋಬರ್ 19, ಗುರುವಾರ

ಗಂಡು ಕೂಸು. ಬದುಕಿದೆ.

ಹುಟ್ಟಿದ ಕೂಡಲೇ ಅತ್ತನಂತೆ, ಬಾಗಿಲಾಚೆ ಇದ್ದವರಿಗೂ ಕೇಳಿಸಿತಂತೆ. ಅವನ ಸಕ್ಕರೆ ಇಳಿಯಬಹುದೆಂದು ಒಂದು ದಿನ ಬೇರೆ ಕೋಣೆಯಲ್ಲಿಟ್ಟು ಹಿಮ್ಮಡಿಗೆ ಚುಚ್ಚಿ ಚುಚ್ಚಿ ನೋಡಿದರು. ಆ ದಿನ ನಾನು ಹೇಗಿದ್ದೆ ಎಂದು ಬರೆಯುವುದಿಲ್ಲ. ನಿನ್ನೆ ಸಂಜೆ ತಂದು ಮಗ್ಗುಲಿಗೆ ಮಲಗಿಸಿದರು. ಈಗಲೂ ನಿಮಿಷಕ್ಕೊಮ್ಮೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ.

ಇವತ್ತು ಮಧ್ಯಾಹ್ನ ಇವರು ಊಟಕ್ಕೆ ಹೋಗಿದ್ದರು. ಅತ್ತೆ ಮಂಚದ ಅಂಚಿಗೆ ಕೂತು, ಮಲಗಿದ್ದವನ ಕುಲಾವಿ ಸರಿಸಿ, ಹಣೆಯ ಮೇಲೆ ಬೆರಳಾಡಿಸುತ್ತ ತಮ್ಮಷ್ಟಕ್ಕೆ ಅಂದರು: “ಹಣಿ ನೋಡು. ಥೇಟ್ ಅಕ್ಕನ್ಹಂಗ.”

ಅಂದವರೇ ಬಾಯಿ ಮುಚ್ಚಿಕೊಂಡರು. ಹೆದರಿಕೆಯಾಯಿತು. ಆದರೂ ಕೇಳಿದೆ.

“ಹೆಣ್ಣಿತ್ತೇನ್ರಿ ಅತ್ತಿ?”

“ಹೂಂ ಯವ್ವಾ.”

“ನೀವು ನೋಡಿದ್ರೇನು?”

“ಮಣ್ಣಿಗೆ ಇಡಾಕ ಕೊಡೂದಕ್ಕ ಮೊದಲ ಬಿಸಿನೀರಾಗ ಮಾರಿ ಒರಿಸಿದ್ನಿ. ತೊಡಿ ಮ್ಯಾಲೆ ಹಾಕ್ಕೊಂಡು ಕುಂತ್ನಿ. ಗಂಡಸರು ಲಗೂ ಕೊಡು, ಲಗೂ ಕೊಡು ಅಂತಿದ್ರು. ನಾ ಕೊಡಲಿಲ್ಲ. ಎಲ್ಲಾ ನೋಡಿ ನೋಡಿ ನೆನಪಿಟ್ಕೊಂಡ್ನಿ. ಎಂದರ ಒಂದಿನ ನೀ ಕೇಳ್ತಿ, ಅವಾಗ ಹೇಳಾಕ ಯಾರಿಗರ ಗೊತ್ತಿರಬೇಕಲ್ಲ.”

ಹಸಿದು ಎದ್ದ ಮಗನನ್ನು ಎದೆಗೆ ಹಚ್ಚಿಕೊಂಡೆ. ಕಿವಿ ಹೇಗಿದ್ದವು ಎಂದು ಕೇಳಿದೆ. ಕೂದಲು ಎಷ್ಟಿತ್ತು, ಬೆರಳು ಯಾರ ಹಾಗಿದ್ದವು ಎಂದು ಕೇಳಿದೆ. ಅತ್ತೆ ಒಂದನ್ನೂ ಮರೆತಿರಲಿಲ್ಲ.